ಡಾಕ್ಟರ್ ಓಡಿಸಿದ ಗಾಡಿಯ ಓವರ್‌ರೆವ್ ಲೆಕ್ಕ

ನಮಸ್ಕಾರ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರುಗಳ ಜಾಹೀರಾತು ಓದುವುದು ನನಗೊಂದು ಚಟ. ಕೊಳ್ಳುವ ಯೋಗವಿದೆಯೋ ಇಲ್ಲವೋ, ಓದುವುದಕ್ಕೆ ಖರ್ಚಿಲ್ಲವಲ್ಲ. ನಂಬರ್ ಪ್ಲೇಟು ಕೆಎ 19 ಇರಲಿ, ಕೆಎ 20 ಇರಲಿ, ಎಲ್ಲದರಲ್ಲೂ ಒಂದೇ ಪಲ್ಲವಿ: ‘ಸಿಂಗಲ್ ಓನರ್, ಡಾಕ್ಟರ್ ಓಡಿಸಿದ ಗಾಡಿ, ಶೋರೂಮ್ ಕಂಡೀಷನ್.’ ಮಂಗಳೂರು, ಮಣಿಪಾಲ, ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳನ್ನು ನೋಡಿದರೆ ನಮ್ಮಲ್ಲಿ ಡಾಕ್ಟರುಗಳಿಗೆ ಬರವಿಲ್ಲ ಎಂಬುದು ನಿಜ. ಆದರೆ ಡಾಕ್ಟರ ಕೈಯಲ್ಲಿ ಗೇರ್ ತಪ್ಪುವುದಿಲ್ಲ ಎಂದು ಯಾರು ಹೇಳಿದರು? ಕಾರು ಪೋರ್ಷೆಯಾಗಿದ್ದರೆ ಗೇರ್ ತಪ್ಪಿದ್ದೂ ಎಷ್ಟು ಹೊತ್ತಿಗೆ ತಪ್ಪಿತೆಂಬುದೂ ಅದರ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಒಳಗೆ ದಾಖಲಾಗಿ ಕುಳಿತಿರುತ್ತದೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಕಾರು ಮಾರಲು ಹೊರಟವರು ಜಾಹೀರಾತು ಹಾಕುವ ಮೊದಲೇ ಓವರ್‌ರೆವ್ ವರದಿಯನ್ನು, ಅಂದರೆ ಇಂಜಿನ್ ಮಿತಿ ಮೀರಿ ತಿರುಗಿದ್ದರ ದಾಖಲೆಯನ್ನು, ತಮ್ಮ ಖರ್ಚಿನಲ್ಲಿ ತೆಗೆಸಬೇಕು, ಓದಿ ಅರ್ಥ ಮಾಡಿಕೊಳ್ಳಬೇಕು, ಫೋಟೋಗಳ ಜೊತೆಗೆ ಅದನ್ನೂ ಹಾಕಬೇಕು. ‘ಬೇಕಿದ್ದರೆ ಕೊಳ್ಳುವವರೇ ತೆಗೆಸಿಕೊಳ್ಳಲಿ’ ಎಂದು ಕುಳಿತವರು ಚೌಕಾಸಿ ಶುರುವಾಗುವ ಮೊದಲೇ ಅರ್ಧ ಸೋತಿರುತ್ತಾರೆ.

ಹೇಗೆಂದು ಕೇಳಿ. ನನ್ನ ಪರಿಚಯದ ಹಿರಿಯರೊಬ್ಬರು ಉಡುಪಿಯಲ್ಲಿದ್ದಾರೆ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮಗ ದುಬೈಗೆ ಹೋದ. ಅವನ ಮ್ಯಾನುಯಲ್ ಗೇರಿನ ಪೋರ್ಷೆ ಕೇಮನ್ ಕಾರನ್ನು ಮಾರುವ ಹೊಣೆ ಇವರ ತಲೆಗೆ ಬಂತು. ಕೊಳ್ಳಲು ಬಂದ ಯುವಕ ಒಬ್ಬ ಮೆಕ್ಯಾನಿಕ್‌ನನ್ನೂ ಲ್ಯಾಪ್‌ಟಾಪನ್ನೂ ಜೊತೆಗೇ ತಂದಿದ್ದ. ಡ್ಯಾಶ್‌ಬೋರ್ಡಿನ ಕೆಳಗೆ ಕೇಬಲ್ ಚುಚ್ಚಿದರು, ಎರಡು ನಿಮಿಷ ಗುಸುಗುಸು ಮಾತಾಡಿಕೊಂಡರು. ಆಮೇಲೆ ಯುವಕ ಮುಖ ಸಣ್ಣದು ಮಾಡಿಕೊಂಡು, ‘ರಾಯರೇ, ನಿಮ್ಮ ಮಗ 2,280 ಸಲ ರೆಡ್‌ಲೈನ್, ಅಂದರೆ ಇಂಜಿನ್ ವೇಗದ ಮಿತಿ, ದಾಟಿಸಿದ್ದಾರೆ. ಇಂಜಿನ್ ಮುಗಿದ ಹಾಗೆಯೇ. ನಾಲ್ಕು ಲಕ್ಷ ಇಳಿಸಿದರೆ ನೋಡೋಣ’ ಎಂದ.

ಬೇರೆಯವರಾಗಿದ್ದರೆ ಬೆವರುತ್ತಿದ್ದರು. ಇವರು ಕನ್ನಡಕ ಏರಿಸಿ ಕೇಳಿದ್ದು ಒಂದೇ ಪ್ರಶ್ನೆ: ‘ಮಗೂ, ಈ 2,280 ಅಂದರೆ ರೂಪಾಯಿಯೋ, ಪೈಸೆಯೋ?’

ಇಡೀ ವಿಷಯದ ಕೀಲಿಯೇ ಆ ಪ್ರಶ್ನೆ. ಆ ಯುವಕನಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲದಂತೆ ಇದ್ದನೋ ಏನೋ, ನಾನು ಪ್ರಮಾಣ ಮಾಡಲಾರೆ.

ಪೋರ್ಷೆಯ ಇಸಿಯು ಎಣಿಸುವುದು ‘ಎಷ್ಟು ಸಲ’ ಮಿತಿ ದಾಟಿತು ಎಂಬುದನ್ನಲ್ಲ, ಇಗ್ನಿಷನ್‌ಗಳನ್ನು, ಅಂದರೆ ಸಿಲಿಂಡರಿನಲ್ಲಿ ಹಾರುವ ಒಂದೊಂದು ಕಿಡಿಯನ್ನು. ಈ ಕಾರಿನದ್ದು ಆರು ಸಿಲಿಂಡರಿನ, ನಾಲ್ಕು ಸ್ಟ್ರೋಕಿನ ಇಂಜಿನ್. ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಹಾಗಾಗಿ ಕ್ರ್ಯಾಂಕ್ (ಇಂಜಿನ್ನಿನ ಮುಖ್ಯ ದಂಡ) ಒಂದು ಸುತ್ತು ತಿರುಗಿದರೆ ಮೂರು ಇಗ್ನಿಷನ್. ಇಂಜಿನ್ 7,600 ಆರ್‌ಪಿಎಂನಲ್ಲಿದೆ, ಅಂದರೆ ನಿಮಿಷಕ್ಕೆ 7,600 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ನಿಮಿಷಕ್ಕೆ 22,800 ಇಗ್ನಿಷನ್, ಸೆಕೆಂಡಿಗೆ 380. ಈಗ ಆ ಭಯಂಕರ 2,280ನ್ನು 380ರಿಂದ ಭಾಗಿಸಿ. ಆರು ಸೆಕೆಂಡು! ಕಾರಿನ ಇಡೀ ಆಯುಷ್ಯದಲ್ಲಿ, ಎಲ್ಲ ಸೇರಿ, ಆರು ಸೆಕೆಂಡು. ಅದಕ್ಕೆ ನಾಲ್ಕು ಲಕ್ಷ ಕೇಳುತ್ತಿದ್ದ ಮಾರಾಯರೇ.

ಅದು ಯಾವ ಸಾಲಿನಲ್ಲಿತ್ತು ಎಂಬುದು ಮುಂದಿನ ಪ್ರಶ್ನೆ. 2009ರ ಮಾದರಿಯಿಂದೀಚಿನ ಪೋರ್ಷೆ 911, ಬಾಕ್ಸ್‌ಸ್ಟರ್, ಕೇಮನ್‌ಗಳ ವರದಿಯಲ್ಲಿ ಆರು ಸಾಲುಗಳಿರುತ್ತವೆ. ಅದಕ್ಕೂ ಹಿಂದಿನವುಗಳಲ್ಲಿ ಎರಡೇ. ಸಾಲು ಕೆಳಗಿಳಿದಂತೆ ಆರ್‌ಪಿಎಂ ಏರುತ್ತಾ ಹೋಗುತ್ತದೆ. ಯಾವ ಸಾಲು ಎಲ್ಲಿಂದ ಶುರುವಾಗುತ್ತದೆ ಎಂಬುದು ಮಾದರಿಯನ್ನು ಅವಲಂಬಿಸಿದೆ. 911 ಕರೇರಾದ ರೆಡ್‌ಲೈನ್ 7,500ರ ಹತ್ತಿರ. 2013ರಲ್ಲಿ ಬಂದ 911 ಜಿಟಿ3 ಇಂಜಿನ್ 9,000ದವರೆಗೆ ಹಾಡುತ್ತದೆ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯಬೇಡಿ.

ಮೇಲಿನ ಸಾಲುಗಳಲ್ಲಿ ಅಂಕಿ ಕಂಡರೆ ಹೆದರುವ ಅಗತ್ಯವಿಲ್ಲ. ಮರವಂತೆಯ ಬಳಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಇರುವ ಆ ನೇರ ರಸ್ತೆಯಲ್ಲಿ ಎರಡನೆಯ ಗೇರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ತುಳಿದರೆ ಮುಳ್ಳು ರೆಡ್‌ಲೈನ್ ಮುಟ್ಟುತ್ತದೆ. ರೆವ್ ಲಿಮಿಟರ್ ಇಂಧನ ಕಡಿದು ಇಂಜಿನ್ನನ್ನು ತಡೆಯುತ್ತದೆ. ಆ ಮಧ್ಯೆ ಮೊದಲ ಸಾಲಿನಲ್ಲಿ ಒಂದಷ್ಟು ನೂರು ಬಿದ್ದಿರುತ್ತದೆ. ಸ್ಪೋರ್ಟ್ಸ್ ಕಾರನ್ನು ಸ್ಪೋರ್ಟ್ಸ್ ಕಾರಿನಂತೆ ಓಡಿಸಿದ್ದಕ್ಕೆ ಸಾಕ್ಷಿ ಅಷ್ಟೇ. (ಆ ರಸ್ತೆಯಲ್ಲಿ ಹಾಗೆ ಓಡಿಸಬೇಕೇ ಎಂಬುದು ಬೇರೆ ಪ್ರಶ್ನೆ. ಮೀನಿನ ಲಾರಿ ಎದುರಿಗೆ ಬಂದಾಗ ಉತ್ತರ ಸಿಗುತ್ತದೆ.)

ಕೆಳಗಿನ ಸಾಲುಗಳ ಕಥೆ ಬೇರೆ. ಅಲ್ಲಿಗೆ ಆಕ್ಸಿಲರೇಟರ್ ತುಳಿದು ಹೋಗಲಾಗುವುದಿಲ್ಲ, ಲಿಮಿಟರ್ ಬಿಡುವುದಿಲ್ಲ. ಗೇರ್ ತಪ್ಪಿದರೆ ಮಾತ್ರ ಹೋಗುತ್ತದೆ. ಮೂರನೆಯ ಗೇರಿನಲ್ಲಿ 7,000ಕ್ಕೆ ಎಳೆದು, ನಾಲ್ಕಕ್ಕೆ ಹಾಕಬೇಕಾದ ಕೈ ಎರಡಕ್ಕೆ ಬಿತ್ತು ಎಂದುಕೊಳ್ಳಿ. ಮೂರನೆಯ ಮತ್ತು ಎರಡನೆಯ ಗೇರುಗಳ ನಡುವೆ ಸುಮಾರು 1.4 ಪಟ್ಟು ವ್ಯತ್ಯಾಸ. ಕ್ಲಚ್ ಬಿಟ್ಟ ಕೂಡಲೇ ಚಕ್ರಗಳು ಇಂಜಿನ್ನನ್ನು 9,800ಕ್ಕೆ ಎಳೆದೊಯ್ಯುತ್ತವೆ. ಕಂಬಳದಲ್ಲಿ ಹಗ್ಗ ಹಿಡಿದವನು ತನಗೆ ಬೇಕಾದ ವೇಗದಲ್ಲಿ ಓಡಲು ಸಾಧ್ಯವೇ? ಕೋಣಗಳು ಎಳೆದಷ್ಟು ಓಡಲೇಬೇಕು. ಇಂಜಿನ್ನಿನ ಪಾಡೂ ಅದೇ. ಲಿಮಿಟರ್ ಇಂಧನ ಕಡಿದರೂ ಚಕ್ರದ ಎಳೆತ ನಿಲ್ಲುವುದಿಲ್ಲ.

ಒಳಗೆ ನಡೆಯುವುದು ಇಷ್ಟು. ಪಿಸ್ಟನ್, ಕನೆಕ್ಟಿಂಗ್ ರಾಡ್‌ಗಳ ಮೇಲಿನ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 7,500ರಿಂದ 10,000ಕ್ಕೆ ಹೋದರೆ ವೇಗ ಮೂರನೇ ಒಂದು ಪಾಲು ಹೆಚ್ಚಿತು, ಬಲ ಮಾತ್ರ ಸುಮಾರು 1.8 ಪಟ್ಟಾಯಿತು. ರಾಡ್ ಬೋಲ್ಟುಗಳು ಹಿಗ್ಗಬಹುದು. ವಾಲ್ವ್ ಸ್ಪ್ರಿಂಗ್‌ಗಳು ಆ ವೇಗಕ್ಕೆ ವಾಲ್ವನ್ನು ಸಕಾಲಕ್ಕೆ ಮುಚ್ಚಲಾರದೆ, ಮೇಲೆ ಬಂದ ಪಿಸ್ಟನ್ ಅದಕ್ಕೆ ಬಡಿಯಬಹುದು. ಬಡಿದರೆ ವಾಲ್ವ್ ಬಾಗುತ್ತದೆ, ಅಲ್ಲಿಂದ ಮುಂದೆ ಕೆಲಸ ಗ್ಯಾರೇಜಿನವನದ್ದು, ಖರ್ಚು ನಿಮ್ಮದು. ಹಳೆಯ ಎರಡು ಸಾಲಿನ ವರದಿಗಳಲ್ಲಿ ಎರಡನೆಯ ಸಾಲನ್ನು, ಹೊಸತರಲ್ಲಿ ನಾಲ್ಕರಿಂದ ಕೆಳಗಿನದನ್ನು ಜನ ಕಣ್ಣಿಟ್ಟು ನೋಡುವುದು ಇದಕ್ಕೇ.

ಅಲ್ಲಿ ಅಂಕಿ ಇದೆ ಎಂದ ಮಾತ್ರಕ್ಕೆ ಕಾರು ಗುಜರಿಗೆ ಎಂದೂ ಅಲ್ಲ. ವರದಿಯಲ್ಲಿ ಎಲ್ಲರೂ ಹಾರಿಸಿಬಿಡುವ ಇನ್ನೊಂದು ಅಂಕಣವಿದೆ: ಆ ಸಾಲಿನ ಕೊನೆಯ ಘಟನೆ ಇಂಜಿನ್ನಿನ ಎಷ್ಟನೆಯ ಗಂಟೆಯಲ್ಲಿ ನಡೆಯಿತು ಎಂಬುದು. ನನ್ನ ಮಟ್ಟಿಗೆ ಇಡೀ ಪುಟದಲ್ಲಿ ಅತಿ ಮುಖ್ಯವಾದದ್ದು ಅದೇ. ಇಂಜಿನ್ ಒಟ್ಟು 1,020 ಗಂಟೆ ಓಡಿದೆ, ನಾಲ್ಕನೆಯ ಸಾಲಿನ ಘಟನೆ 310ನೆಯ ಗಂಟೆಯಲ್ಲಿ ಆಗಿದೆ ಎಂದುಕೊಳ್ಳೋಣ. ಅದಾದ ಮೇಲೆ 710 ಗಂಟೆ, ಗಂಟೆಗೆ ಸರಾಸರಿ 35 ಕಿಲೋಮೀಟರಿನಂತೆ ಸುಮಾರು 25,000 ಕಿಲೋಮೀಟರ್ ಸಲೀಸಾಗಿ ಓಡಿದೆ. ವಾಲ್ವ್ ಬಾಗಿದ್ದರೆ ಇಷ್ಟು ದೂರ ಸುಮ್ಮನೆ ಬರುತ್ತಿರಲಿಲ್ಲ. ಅದೇ ಘಟನೆ 1,018ನೆಯ ಗಂಟೆಯದ್ದಾಗಿದ್ದರೆ ಯಾರೋ ಈಚೆಗಷ್ಟೇ ಗೇರ್ ತಪ್ಪಿಸಿದ್ದಾರೆ. ಆಗ ಮಾತು ಬಿಟ್ಟು ಲೀಕ್‌ಡೌನ್ ಪರೀಕ್ಷೆ ಮಾಡಿಸಿ. ಪಿಸ್ಟನ್ ತುತ್ತತುದಿಗೆ ಬಂದು ನಿಂತಾಗ ಸಿಲಿಂಡರಿಗೆ ಒತ್ತಡದ ಗಾಳಿ ತುಂಬಿ, ಎಷ್ಟು ಸೋರುತ್ತದೆ ಎಂದು ಅಳೆಯುತ್ತಾರೆ. ಆರೂ ಸಿಲಿಂಡರ್ ಹೆಚ್ಚು ಕಡಿಮೆ ಒಂದೇ ಉತ್ತರ ಕೊಟ್ಟರೆ ನೆಮ್ಮದಿ. ಒಂದೇ ಒಂದು ಬೇರೆ ಸ್ವರ ತೆಗೆದರೆ, ಅದನ್ನು ತೋರಿಸಿಯೇ ಬೆಲೆ ಹೇಳಿ.

ಯಾರೋ ತಪ್ಪಿಸಿದ್ದಾರೆ ಎಂದೆನಲ್ಲ, ಆ ‘ಯಾರೋ’ ಸಾಮಾನ್ಯವಾಗಿ ಯಾರು ಗೊತ್ತೇ? ಟೆಸ್ಟ್ ಡ್ರೈವಿಗೆ ಬಂದವರು. ಜೀವನವಿಡೀ ಆಟೋಮ್ಯಾಟಿಕ್ ಓಡಿಸಿದವರು ಮ್ಯಾನುಯಲ್ ಸ್ಪೋರ್ಟ್ಸ್ ಕಾರಿನಲ್ಲಿ ಕೂತು, ಪಣಂಬೂರು ದಾಟಿದ ಕೂಡಲೇ ಉತ್ಸಾಹ ಉಕ್ಕಿ, ಗೇರ್ ಎಲ್ಲಿಗೋ ತುರುಕುತ್ತಾರೆ. ಸ್ಟಿಯರಿಂಗ್ ಯಾರ ಕೈಯಲ್ಲಿತ್ತು ಎಂದು ಇಸಿಯು ಬರೆದಿಡುವುದಿಲ್ಲ. ದಾಖಲೆ ನಿಮ್ಮ ಹೆಸರಿಗೆ, ಮುಂದಿನ ಗಿರಾಕಿ ಬೆಲೆ ಇಳಿಸುವುದೂ ನಿಮ್ಮಿಂದಲೇ. ಹಾಗಾಗಿ ದರ ನಿಗದಿಯಾಗಿ ಮುಂಗಡ ಕೈಗೆ ಬರುವವರೆಗೆ ನೀವೇ ಓಡಿಸಿ, ಅವರು ಪಕ್ಕದಲ್ಲಿ ಕೂರಲಿ. ‘ಏನು, ನಂಬಿಕೆ ಇಲ್ಲವೇ?’ ಎಂದು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಗಂಟೆಗಳ ಲೆಕ್ಕದಿಂದ ಇನ್ನೊಂದು ಲಾಭವಿದೆ. ಓಡೋಮೀಟರಿನ ಕಿಲೋಮೀಟರನ್ನು ಇಂಜಿನ್ ಗಂಟೆಗಳಿಂದ ಭಾಗಿಸಿದರೆ ಸರಾಸರಿ ವೇಗ ಸಿಗುತ್ತದೆ. 40,000 ಕಿಲೋಮೀಟರಿಗೆ 1,200 ಗಂಟೆ ಎಂದರೆ ಗಂಟೆಗೆ 33. ಊರು, ಹೆದ್ದಾರಿ ಎರಡೂ ಸೇರಿದ ಬಳಕೆಗೆ ಸರಿಯಾಗಿದೆ. ಅದೇ 40,000ಕ್ಕೆ 60 ಗಂಟೆ ಎಂದು ತೋರಿಸಿದರೆ ಆ ಕಾರು ಗಂಟೆಗೆ 660ರ ಮೇಲೆ ಓಡಿರಬೇಕು. ಬಜಪೆಯಿಂದ ಎದ್ದ ವಿಮಾನಕ್ಕೆ ಒಪ್ಪುವ ವೇಗ. ಇಸಿಯು ಬದಲಾಗಿದೆ ಎಂದರ್ಥ. ಬದಲಾಯಿಸಲು ನ್ಯಾಯವಾದ ಕಾರಣವೂ ಇರಬಹುದು, ಮಳೆನೀರು ಒಳಗೆ ಹೋಗಿರಬಹುದು. ಆದರೆ ಬಿಲ್ಲು ಇಟ್ಟುಕೊಂಡಿರಬೇಕು. ಬಿಲ್ಲಿಲ್ಲದ ಶುಭ್ರ ವರದಿಗಿಂತ ಬಿಲ್ಲಿರುವ ಕಲೆಯ ವರದಿಗೆ ನಾನು ಹೆಚ್ಚು ದುಡ್ಡು ಕೊಡುತ್ತೇನೆ.

ಪಿಡಿಕೆ ಎಂಬ ಪೋರ್ಷೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸಿನವರಿಗೆ ಈ ತಲೆನೋವು ಕಡಿಮೆ. ಮಿತಿ ಮೀರುವಂಥ ಕೆಳಗಿನ ಗೇರನ್ನು ಆ ಗೇರ್‌ಬಾಕ್ಸ್ ತಾನೇ ನಿರಾಕರಿಸುತ್ತದೆ.

ಈಗ, ವರದಿಯನ್ನು ಪೂಜೆಗೆ ಇಡುವವರ ಬಗ್ಗೆಯೂ ನನಗೊಂದು ಸಿಟ್ಟಿದೆ. ಎಲ್ಲ ಸಾಲಿನಲ್ಲೂ ಸೊನ್ನೆ ಇದ್ದರೆ ‘ಚಿನ್ನದಂಥ ಗಾಡಿ’ ಎಂದು ಬ್ರೋಕರ್ ಕುಣಿಯುತ್ತಾನೆ. ವರ್ಷಕ್ಕೆ ಮೂರೂವರೆ ಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ನಮ್ಮದು. ಮೇ ಕೊನೆಗೆ ಹೊದಿಕೆ ಹಾಕಿ ದಸರಾ ಹೊತ್ತಿಗೆ ತೆಗೆದ ಕಾರಿಗೆ ಓವರ್‌ರೆವ್ ಎಲ್ಲಿಂದ ಬರಬೇಕು? ಬ್ಯಾಟರಿ ಸತ್ತಿರುತ್ತದೆ, ಬ್ರೇಕ್ ಡಿಸ್ಕಿಗೆ ಉಪ್ಪುಗಾಳಿಯ ತುಕ್ಕು ಹಿಡಿದಿರುತ್ತದೆ, ವೈರಿನ ಹೊದಿಕೆಯನ್ನು ಇಲಿ ತಿಂದಿರುತ್ತದೆ. ತಣ್ಣಗಿನ ಇಂಜಿನ್ನನ್ನು ಬೆಳಗ್ಗೆ ಶುರು ಮಾಡಿದ ಕೂಡಲೇ 5,000ಕ್ಕೆ ಎಳೆದರೂ ವರದಿಯಲ್ಲಿ ಒಂದಕ್ಷರ ಇರುವುದಿಲ್ಲ, ಏಕೆಂದರೆ 5,000 ಮಿತಿಯೊಳಗೇ ಇದೆ. 911ರ ಹಳೆಯ ತಲೆಮಾರುಗಳಾದ 996 ಮತ್ತು ಮೊದಲ ಸರಣಿಯ 997 ಇಂಜಿನ್ನುಗಳಿಗೆ ಹೆಸರು ಕೆಡಿಸಿದ್ದು ಐಎಂಎಸ್ (ಇಂಜಿನ್ನಿನೊಳಗಿನ ಮಧ್ಯಂತರ ಶಾಫ್ಟಿನ) ಬೇರಿಂಗ್ ಮತ್ತು ಸಿಲಿಂಡರ್ ಗೋಡೆಯ ಗೀರು. ಇವೆರಡರ ಬಗ್ಗೆಯೂ ಓವರ್‌ರೆವ್ ಪುಟಕ್ಕೆ ಏನೂ ಗೊತ್ತಿಲ್ಲ. ಸರ್ವಿಸ್ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿಟ್ಟ ಫೈಲು ಆ ಕೆಲಸ ಮಾಡುತ್ತದೆ.

ವರದಿ ತೆಗೆಸುವುದು ಎಲ್ಲಿ ಎಂದು ಕೇಳುತ್ತೀರಿ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಇದನ್ನು ಓದುವುದಿಲ್ಲ. ಪೋರ್ಷೆಯದ್ದೇ ಆದ ಪಿವಿಸ್ ಉಪಕರಣ ಬೇಕು. ಹಳೆಯ ಮಾದರಿಗಳಿಗೆ ಡುರಾಮೆಟ್ರಿಕ್ ಎಂಬ ಸಲಕರಣೆಯೂ ಆಗುತ್ತದೆ. ನಮ್ಮ ಕರಾವಳಿಯವರು ಒಂದೋ ಶಿರಾಡಿ ಹತ್ತಿ ಬೆಂಗಳೂರಿಗೆ, ಇಲ್ಲವೇ ಕೊಚ್ಚಿಗೆ ಹೋಗಬೇಕು. ಹೇಗೂ ಮಾರುವ ಮೊದಲು ಸರ್ವಿಸ್ ಮಾಡಿಸುತ್ತೀರಲ್ಲ, ಆಗಲೇ ಕೇಳಿ. ವರದಿಯಲ್ಲಿ ಚಾಸಿ ನಂಬರ್, ತಾರೀಖು, ಓಡೋಮೀಟರ್ ಮತ್ತು ಒಟ್ಟು ಗಂಟೆ ಸ್ಪಷ್ಟವಾಗಿ ಇರಬೇಕು. ಮೊಬೈಲಿನಲ್ಲಿ ಅರ್ಧ ಪರದೆಯ ಫೋಟೋ ಹೊಡೆದು ‘ಇದೇ ವರದಿ’ ಎಂದರೆ ಯಾರೂ ನಂಬುವುದಿಲ್ಲ, ನಂಬಲೂಬಾರದು.

ಉಡುಪಿಯ ಆ ಹಿರಿಯರು ಯುವಕನನ್ನು ಚಹಾ ಕೊಟ್ಟು ಕಳುಹಿಸಿದರು. ಆಮೇಲೆ ತಾವೇ ವರದಿ ತೆಗೆಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ಪ್ರತಿ ಸಾಲಿನ ಸೆಕೆಂಡುಗಳ ಲೆಕ್ಕ ಬರೆದು, ಬಂದವರಿಗೆಲ್ಲ ಒಂದೊಂದು ಝೆರಾಕ್ಸ್ ಕೊಡಲು ಶುರು ಮಾಡಿದರು. ನಾಲ್ಕರಿಂದ ಆರರವರೆಗೆ ಸೊನ್ನೆ. ಮೊದಲ ಸಾಲಿನಲ್ಲಿ ಆರು ಸೆಕೆಂಡು, ಎರಡನೆಯದರಲ್ಲಿ ಅರೆ ಸೆಕೆಂಡೂ ಇಲ್ಲ. ಚೌಕಾಸಿ ಆಮೇಲೂ ನಡೆಯಿತು, ಆದರೆ ಟೈರಿನ ಬಗ್ಗೆ. ಟೈರು ನಿಜಕ್ಕೂ ಹಳೆಯದಾಗಿತ್ತು, ಅದಕ್ಕೆ ಅವರು ಬೆಲೆ ಇಳಿಸಿದರು.

ಕಾರು ಹಸ್ತಾಂತರವಾಗುವ ದಿನ ಒಟ್ಟು ಗಂಟೆಗಳನ್ನೂ ಆರು ಸಾಲುಗಳ ಅಂಕಿಗಳನ್ನೂ ಮಾರಾಟದ ಕರಾರಿನಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಫಾರ್ಮ್ 29, ಫಾರ್ಮ್ 30 ಜೊತೆಗೆ ಅದರ ಒಂದು ಪ್ರತಿ ನಿಮ್ಮಲ್ಲೂ ಇರಲಿ. ಹೊಸ ಮಾಲೀಕರು ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಗೇರ್ ತಪ್ಪಿಸಿ, ಮೂರು ತಿಂಗಳ ಮೇಲೆ ನಿಮಗೆ ಫೋನ್ ಮಾಡಿದರೆ, ಆ ಗಂಟೆ ಯಾರ ಕಾಲದ್ದು ಎಂದು ನೋಡಲು ಅಷ್ಟು ಸಾಕು.