ಡಿ-ಡೈಮರ್ 690: ಲಕ್ವಾ ಹೊಡೆಯುವ ಮುನ್ಸೂಚನೆಯೇ?

(ತೆರೆಯ ಮೇಲೆ: ಲ್ಯಾಬ್ ರಿಪೋರ್ಟಿನ ಒಂದು ಸಾಲು. ಡಿ-ಡೈಮರ್ 690, ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಹೆಚ್ಚು’.)

ನಮಸ್ಕಾರ. ಬಾಗಲಕೋಟೆಯ ನವನಗರದ 76 ವರ್ಷದ ತಾಯಿಯೊಬ್ಬರು ಜ್ವರ ಬಿಟ್ಟ ಮೇಲೆ ಪ್ಯಾಕೇಜ್ ತಪಾಸಣೆ ಮಾಡಿಸಿಕೊಂಡರು ಎಂದುಕೊಳ್ಳೋಣ. ಈ ಸಾಲನ್ನು ಕಂಡ ಮನೆಯವರದು ಒಂದೇ ಪ್ರಶ್ನೆ: ‘ಅವ್ವಗ ಲಕ್ವಾ ಹೊಡೀತೈತೇನ್ರಿ?’

ರಕ್ತ ಹೆಪ್ಪುಗಟ್ಟುವಾಗ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಬಲೆಯಂತೆ ಹೆಣೆದುಕೊಳ್ಳುತ್ತವೆ; ಆ ಬಲೆಯನ್ನು ದೇಹವೇ ಕರಗಿಸುವಾಗ ಉಳಿಯುವ ತುಣುಕೇ ಡಿ-ಡೈಮರ್. ಇಳಕಲ್ಲಿನ ಮಗ್ಗದ ಕೆಳಗೆ ಬಿದ್ದ ನೂಲಿನ ತುಂಡುಗಳನ್ನು ಕಂಡು ಇಲ್ಲಿ ನೇಯ್ಗೆ ನಡೆದಿದೆ ಎನ್ನಬಹುದು, ನೇಯ್ದದ್ದು ಯಾವ ಸೀರೆ ಎನ್ನಲಾಗದು. ಸೋಂಕು, ಶಸ್ತ್ರಚಿಕಿತ್ಸೆ, ಬಿದ್ದ ಪೆಟ್ಟು, ಕ್ಯಾನ್ಸರ್, ಅಷ್ಟೇಕೆ, ಬರಿಯ ವಯಸ್ಸೂ ಈ ಅಂಕಿಯನ್ನು ಏರಿಸುತ್ತದೆ.

ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಕಾಣುವ 500 ನ್ಯಾನೋಗ್ರಾಂ ಮಿತಿ, ಡಿ-ಡೈಮರ್ ಅಳೆಯುವ ಎರಡು ಮಾನಗಳಲ್ಲಿ ಒಂದಾದ ಎಫ್‌ಇಯು ಮಾನದ್ದು. ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಇರುವ ಅನುಮಾನ ಕಡಿಮೆಯಿದ್ದು, ಅದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕಾದಾಗ, 50 ದಾಟಿದವರಿಗೆ ವೈದ್ಯರು ವಯಸ್ಸನ್ನು 10ರಿಂದ ಗುಣಿಸಿದ ಮಿತಿಯನ್ನು ಬಳಸುವುದುಂಟು. ಈ ತಾಯಿಗೆ ಅದು 760. ಡಿಡಿಯು ಎಂಬ ಇನ್ನೊಂದು ಮಾನದಲ್ಲಿ ಅಳೆದರೆ ಅದೇ ರಕ್ತದ ಅಂಕಿ ಸುಮಾರು ಅರ್ಧವಾಗುತ್ತದೆ. ಆದ್ದರಿಂದ ಅಂಕಿಗಿಂತ ಮೊದಲು ಅದರ ಪಕ್ಕದ ಸಣ್ಣಕ್ಷರಗಳನ್ನು ಓದಬೇಕು.

ಇನ್ನು ಲಕ್ವಾದ ಮಾತು. ಡಿ-ಡೈಮರ್ ಮತ್ತು ಫೈಬ್ರಿನೋಜೆನ್ (ಫೈಬ್ರಿನ್ ಆಗಿ ಮಾರ್ಪಡುವ ರಕ್ತದ ಪ್ರೋಟೀನು) ಹೆಚ್ಚಿರುವವರ ಗುಂಪಿನಲ್ಲಿ, ಮಿದುಳಿನ ರಕ್ತನಾಳ ಕಟ್ಟಿಕೊಂಡು ಬರುವ ಲಕ್ವಾ ತುಸು ಹೆಚ್ಚು ಎಂದು ಅಧ್ಯಯನಗಳು ತೋರಿಸಿರುವುದು ನಿಜ; ಹಾಗೆಂದು ಒಬ್ಬ ವ್ಯಕ್ತಿಯ ಭವಿಷ್ಯವನ್ನು ಆ ಅಂಕಿಯಿಂದ ಹೇಳಲಾಗದು. ಪ್ಯಾಕೇಜಿನಲ್ಲಿ ಇದನ್ನು ಸೇರಿಸುವುದರಿಂದ ಹೆಚ್ಚುವುದು ಗಾಬರಿಯೇ ಎಂಬುದು ನನ್ನ ಅನಿಸಿಕೆ.

(ತೆರೆಯ ಮೇಲೆ: ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಬಳಿ ಇಟ್ಟ ಮೂರು ಬೆರಳು.)

ನೋಡಬೇಕಾದದ್ದು ಬಿಪಿ, ಸಕ್ಕರೆ, ತಂಬಾಕು ಮತ್ತು ನಾಡಿ. ಒಂದು ಪೂರ್ತಿ ನಿಮಿಷ ಹೀಗೆ ನಾಡಿ ಹಿಡಿದು ನೋಡಿ. ಬಡಿತ ತಾಳ ತಪ್ಪಿದ್ದರೆ ಇಸಿಜಿ ಮಾಡಿಸಿ. ಏಟ್ರಿಯಲ್ ಫಿಬ್ರಿಲೇಶನ್ ಎಂಬ ಹೃದಯದ ಲಯದೋಷವು ಲಕ್ವಾದ ಅಪಾಯವನ್ನು ಸುಮಾರು 5 ಪಟ್ಟು ಹೆಚ್ಚಿಸುತ್ತದೆ. ಅದಕ್ಕಾಗಿ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರಿಗೆ ಮುಖ್ಯವಾದದ್ದು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ರಕ್ತಪರೀಕ್ಷೆ ಐಎನ್‌ಆರ್. ಅದು ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕು. ಡಿ-ಡೈಮರ್ ನೋಡಿ ತಾವಾಗಿಯೇ ಆಸ್ಪಿರಿನ್ ಶುರುಮಾಡುವುದು ಬೇಡ, ರಕ್ತಸ್ರಾವವಾದೀತು.

ಮುಖ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಹಳೆಯ ರಿಪೋರ್ಟ್ ಹುಡುಕುತ್ತ ಕೂರದೆ 108ಕ್ಕೆ ಕರೆಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಗಡುವು 4.5 ಗಂಟೆ, ಅದನ್ನು ಎಣಿಸುವುದು ರೋಗಿ ಕೊನೆಯ ಬಾರಿ ಸರಿಯಾಗಿದ್ದ ಹೊತ್ತಿನಿಂದ. ಆ ಹೊತ್ತನ್ನು ಬರೆದಿಟ್ಟುಕೊಂಡು ಹೋಗಿ.