ಕೊನೆಯ ಆರು ಸೆಕೆಂಡು

ಕೇಳುಗರೆಲ್ಲರಿಗೂ ನಮಸ್ಕಾರ.

ಜಾತ್ರೆ ಮುಗಿದ ಮೇಲೆ ದೇವಸ್ಥಾನದ ಮುಂದೆ ನಡೆಯುವ ಹರಾಜನ್ನು ನೀವು ನೋಡಿರುತ್ತೀರಿ. ಒಂದು ಬಾಳೆಗೊನೆ ಅಂತ ಇಟ್ಟುಕೊಳ್ಳಿ. ಒಬ್ಬರು ನೂರು ಅನ್ನುತ್ತಾರೆ, ಇನ್ನೊಬ್ಬರು ನೂರೈವತ್ತು ಅನ್ನುತ್ತಾರೆ. ಹರಾಜು ಕೂಗುವವರು ‘ಒಂದು ಸಲ... ಎರಡು ಸಲ...’ ಎಂದು ಎಳೆಯುತ್ತಾ ಎಲ್ಲರ ಮುಖ ನೋಡುತ್ತಾರೆ. ಯಾರೂ ಬಾಯಿ ಬಿಡದಿದ್ದರೆ ಮಾತ್ರ ‘ಮೂರು ಸಲ’. ಅಲ್ಲಿ ಹರಾಜು ಮುಗಿಯುವುದು ಜನ ಸುಮ್ಮನಾದಾಗ.

ಇಬೇಯಲ್ಲಿ ಹಾಗಲ್ಲ. 1995ರಲ್ಲಿ ಪಿಯರ್ ಒಮಿಡ್ಯಾರ್ ಅಮೆರಿಕದಲ್ಲಿ ಶುರು ಮಾಡಿದ ಈ ಆನ್‌ಲೈನ್ ಹರಾಜಿನಲ್ಲಿ ಪ್ರತಿ ವಸ್ತುವಿಗೂ ಮುಗಿಯುವ ಹೊತ್ತು ಮೊದಲೇ ಗೊತ್ತಾಗಿರುತ್ತದೆ. ಆ ಸೆಕೆಂಡು ಬಂದರೆ ಮುಗಿಯಿತು. ಇನ್ನೂ ಹತ್ತು ಜನ ಕೂಗಲು ಸಿದ್ಧವಾಗಿದ್ದರೂ ಕೇಳುವವರಿಲ್ಲ. ಇವತ್ತು ನಾನು ಹೇಳಬೇಕೆಂದಿರುವ ಕೊನೆ ಗಳಿಗೆಯ ಬಿಡ್, ಅದನ್ನು ತಾನಾಗಿಯೇ ಹಾಕುವ ತಂತ್ರಾಂಶ, ಎಲ್ಲವೂ ಹುಟ್ಟಿದ್ದು ಈ ಒಂದು ನಿಯಮದಿಂದ. ಇಂಗ್ಲಿಷಿನಲ್ಲಿ ಇದನ್ನು ಸ್ನೈಪಿಂಗ್ ಅನ್ನುತ್ತಾರೆ. ಹೊಂಚು ಹಾಕಿ ಹೊಡೆಯುವುದು ಅಂತ.

ನಾನು ಕೊಳ್ಳುವುದು ಹಳೆಯ ಚಿತ್ರ ಪೋಸ್ಟ್‌ಕಾರ್ಡುಗಳನ್ನು. ಮೈಸೂರು, ಬೆಂಗಳೂರು, ಅದಕ್ಕಿಂತ ಜಾಸ್ತಿ ಕೋಲಾರದ ಚಿನ್ನದ ಗಣಿ. ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯಿಂದ ಎಷ್ಟೋ ಗಣಿಗಾರರು ಕೆಜಿಎಫ್‌ಗೆ ಕೆಲಸಕ್ಕೆ ಬಂದಿದ್ದರು. ಇಲ್ಲಿಂದ ಮನೆಗೆ ಕಾರ್ಡು ಬರೆದರು. ಆ ಕಾರ್ಡುಗಳು ಅಲ್ಲಿನ ಪೆಟ್ಟಿಗೆಗಳಲ್ಲಿ ನೂರು ವರ್ಷ ಕೂತಿದ್ದು, ಈಗ ಒಂದೊಂದಾಗಿ ಹರಾಜಿಗೆ ಬರುತ್ತಿವೆ. ನಮ್ಮ ನೆಲದ ಚಿತ್ರ ನಮ್ಮಲ್ಲೇ ಇಲ್ಲ, ಅಲ್ಲಿದೆ. ಅದನ್ನು ವಾಪಸ್ ತರಬೇಕೆಂಬ ಆಸೆ ನನ್ನದು.

ಇಬೇಯ ಭಾರತದ ತಾಣ 2018ರಲ್ಲಿ ಮುಚ್ಚಿತು. ಹಾಗಾಗಿ ನಾವು ನೋಡುವುದು ಹೊರದೇಶದ ತಾಣಗಳನ್ನು. ಇಂಗ್ಲೆಂಡಿನಲ್ಲಿ ಭಾನುವಾರ ರಾತ್ರಿ 9 ಗಂಟೆಗೆ ಮುಗಿಯುವ ಹರಾಜು ನಮಗೆ ಬೇಸಿಗೆಯಲ್ಲಿ ರಾತ್ರಿ ಒಂದೂವರೆ, ಚಳಿಗಾಲದಲ್ಲಿ ಎರಡೂವರೆ. ಮೊದಲೆಲ್ಲ ನಾನು ಅಲಾರಂ ಇಟ್ಟು ಎದ್ದು ಕೂರುತ್ತಿದ್ದೆ. ಒಂದು ರಾತ್ರಿ ಕೆಜಿಎಫ್‌ನ ಗಣಿ ಗೋಪುರದ ಕಾರ್ಡೊಂದಕ್ಕೆ 15 ಪೌಂಡ್ ಸಾಕು ಅಂದುಕೊಂಡು ಕೂತೆ. ನಾನು ಏರಿಸಿದೆ, ಅತ್ತ ಯಾರೋ ಏರಿಸಿದರು. ಮತ್ತೆ ನಾನು, ಮತ್ತೆ ಅವರು. 41 ಪೌಂಡಿಗೆ ಕಾರ್ಡು ನನ್ನದಾಯಿತು. ಬೆಳಿಗ್ಗೆ ಎದ್ದಾಗ ಗೆದ್ದ ಖುಷಿ ಇರಲಿಲ್ಲ. ಆ ರಾತ್ರಿ ನನ್ನ ಕಣ್ಣಿಗೆ ಕಂಡಿದ್ದು ಗೋಪುರವಲ್ಲ, ಎದುರಾಳಿ. ಆಮೇಲೆ ಇದರ ಒಳಗುಟ್ಟನ್ನು ಕೂತು ಕಲಿತೆ.

ಇಬೇಯಲ್ಲಿ ನೀವು ಹೇಳುವುದು ನಿಮ್ಮ ಗರಿಷ್ಠ ಬೆಲೆ. ಕಟ್ಟುವುದು ಅದನ್ನಲ್ಲ. ನಾನು 18 ಪೌಂಡ್ ಎಂದು ಬರೆದು, ಇನ್ನೊಬ್ಬರು 11 ಎಂದು ಬರೆದಿದ್ದರೆ, ಕಾರ್ಡು ನನಗೆ 11 ಪೌಂಡ್ 50 ಪೆನ್ಸ್‌ಗೆ ಬರುತ್ತದೆ. ಎರಡನೆಯವರಿಗಿಂತ ಒಂದೇ ಮೆಟ್ಟಿಲು ಮೇಲೆ. ಇಂಥದ್ದೇ ಎರಡನೇ ಬೆಲೆಯ ಹರಾಜಿನ ಬಗ್ಗೆ ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು 1961ರಲ್ಲೇ ಬರೆದಿದ್ದರು. ಅವರಿಗೆ 1996ರಲ್ಲಿ ನೊಬೆಲ್ ಬಂತು.

ಹಾಗಾದರೆ ಮೊದಲ ದಿನವೇ 18 ಬರೆದು ಮಲಗಬಹುದಲ್ವಾ? ಲೆಕ್ಕದ ಪ್ರಕಾರ ಹೌದು. ಆದರೆ ಎದುರಿಗೆ ಇರುವವರು ಮನುಷ್ಯರು. ಅವರಲ್ಲಿ ಎಷ್ಟೋ ಜನ ಗರಿಷ್ಠ ಬೆಲೆಯನ್ನು ಒಮ್ಮೆಗೇ ಬರೆಯುವುದಿಲ್ಲ. ತಮ್ಮನ್ನು ಯಾರಾದರೂ ಹಿಂದೆ ಹಾಕಿದಾಗ ಮಾತ್ರ ಇನ್ನಷ್ಟು ಸೇರಿಸುತ್ತಾರೆ. ನೀವು ಬುಧವಾರವೇ ಬಿಡ್ ಹಾಕಿದರೆ ಅವರಿಗೆ ಯೋಚಿಸಲು ನಾಲ್ಕು ದಿನ ಕೊಟ್ಟಂತೆ. ಆರು ಸೆಕೆಂಡು ಇರುವಾಗ ಹಾಕಿದರೆ ಅವರ ಕೈ ಕೀಲಿಮಣೆಗೆ ಹೋಗುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮೈಸೂರಿನ ಹಳೆಯ ಅರಮನೆ ಸುಟ್ಟಿದ್ದು 1897ರಲ್ಲಿ, ಈಗಿನದು ಪೂರ್ತಿಯಾಗಿದ್ದು 1912ರಲ್ಲಿ. ನಡುವಿನ ವರ್ಷಗಳ, ಅರ್ಧ ಕಟ್ಟಿದ ಅರಮನೆಯ ಕಾರ್ಡೊಂದನ್ನು ಮಾರುವವರು ಸುಮ್ನೆ ‘ಭಾರತದ ಕಟ್ಟಡ’ ಎಂದು ಹಾಕಿರುತ್ತಾರೆ ಅಂದುಕೊಳ್ಳಿ. ಗೊತ್ತಿರುವ ಕಣ್ಣಿಗೆ ಅದೇನೆಂದು ತಿಳಿಯುತ್ತದೆ. ಆದರೆ ಗೊತ್ತಿರುವವರು ಮೊದಲೇ ಬಿಡ್ ಹಾಕಿದರೆ, ‘ಇದರಲ್ಲಿ ಏನೋ ಇದೆ’ ಎಂದು ಊರಿಗೆಲ್ಲ ಸಾರಿದಂತೆ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದು ಕಂಡಿತು. ಇಬೇಯಲ್ಲಿ ಕಂಪ್ಯೂಟರಿಗಿಂತ ಪುರಾತನ ವಸ್ತುಗಳಿಗೇ ಕೊನೆ ಗಳಿಗೆಯ ಬಿಡ್ ಜಾಸ್ತಿ. ಕಂಪ್ಯೂಟರಿನ ಬೆಲೆ ಎಲ್ಲರಿಗೂ ಗೊತ್ತು, ಹಳೆಯ ವಸ್ತುವಿನ ಬೆಲೆ ಬಲ್ಲವರಿಗಷ್ಟೇ ಗೊತ್ತು.

ಆಗ ಅಮೆಜಾನ್ ಕೂಡ ಹರಾಜು ನಡೆಸುತ್ತಿತ್ತು. ಅಲ್ಲಿ ಕೊನೆಯ ಹತ್ತು ನಿಮಿಷದಲ್ಲಿ ಬಿಡ್ ಬಿದ್ದರೆ ಹರಾಜು ತಾನಾಗಿ ಮುಂದಕ್ಕೆ ಹೋಗುತ್ತಿತ್ತು, ನಮ್ಮ ದೇವಸ್ಥಾನದ ಹರಾಜಿನ ಹಾಗೆ. ಅಲ್ಲಿ ಹೊಂಚು ಹಾಕುವವರು ತೀರಾ ಕಡಿಮೆ.

ಇದೆಲ್ಲ ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ಬುದ್ಧಿ ಅಂದುಕೊಳ್ಳಬೇಡಿ. ಹಿಂದೆ ಇಂಗ್ಲೆಂಡಿನಲ್ಲಿ ಮೇಣದಬತ್ತಿಯ ಹರಾಜು ಇತ್ತು. ತುಂಡು ಬತ್ತಿ ಹಚ್ಚುತ್ತಾರೆ. ಅದು ಆರುವ ಮುಂಚೆ ಕೊನೆಗೆ ಯಾರು ಕೂಗಿದರೋ ಅವರಿಗೆ ಮಾಲು. 1662ರ ಸೆಪ್ಟೆಂಬರ್‌ನಲ್ಲಿ ಹಳೆಯ ಹಡಗುಗಳ ಇಂಥ ಹರಾಜನ್ನು ನೋಡಿದ ಅಲ್ಲಿನ ನೌಕಾ ಇಲಾಖೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಒಬ್ಬ ಚತುರನ ವಿಷಯ ಬರೆದಿದ್ದಾನೆ. ಅವನು ಪ್ರತಿ ಸಲವೂ ಸರಿಯಾಗಿ ಕೊನೆಗೇ ಕೂಗಿ ಗೆಲ್ಲುತ್ತಿದ್ದ. ಹೇಗೆ ಅಂತ ಕೇಳಿದರೆ, ‘ದೀಪ ಆರುವ ಗಳಿಗೆಯಲ್ಲಿ ಹೊಗೆ ಕೆಳಗಿಳಿಯುತ್ತದೆ, ಅದನ್ನು ನೋಡುತ್ತೇನೆ’ ಅಂದನಂತೆ. ಈಗ ಆ ಹೊಗೆಯನ್ನು ನಮ್ಮ ಪರವಾಗಿ ತಂತ್ರಾಂಶ ನೋಡುತ್ತದೆ.

ಅದರ ಕೆಲಸ ಸರಳ. ವಸ್ತುವಿನ ನಂಬರು, ನಿಮ್ಮ ಗರಿಷ್ಠ ಬೆಲೆ, ಎಷ್ಟು ಸೆಕೆಂಡು ಉಳಿದಾಗ ಹಾಕಬೇಕು, ಇಷ್ಟು ಕೊಟ್ಟರೆ ಸಾಕು. ಕೆಲವು ತಂತ್ರಾಂಶಗಳು ನಿಮ್ಮದೇ ಕಂಪ್ಯೂಟರಿನಲ್ಲಿ ಓಡುತ್ತವೆ, ಹಾಗಾಗಿ ಕರೆಂಟು ಹೋದರೆ ಬಿಡ್ಡೂ ಹೋಯಿತು. ಗಿಕ್ಸನ್, ಇಸ್ನೈಪ್‌ನಂಥ ಸೇವೆಗಳು ತಮ್ಮ ಸರ್ವರಿನಿಂದಲೇ ಬಿಡ್ ಹಾಕುತ್ತವೆ. ನಿಮ್ಮ ಕಂಪ್ಯೂಟರ್ ಆರಿಸಿ ಮಲಗಬಹುದು. ಆದರೆ ಅವು ನಿಮ್ಮ ಹೆಸರಿನಲ್ಲೇ ಖಾತೆಗೆ ಹೋಗಿ ಬಿಡ್ ಹಾಕಬೇಕು. ಎಂದರೆ ಮನೆಯ ಬೀಗದ ಕೈಯನ್ನು ಬೇರೆಯವರ ಕೈಗೆ ಕೊಟ್ಟಂತೆ. ಬಹಳ ವರ್ಷದಿಂದ ನಡೆದು ಬಂದ ಸೇವೆಯನ್ನಷ್ಟೇ ನಂಬಿ. ಅವುಗಳಿಗೆ ಕೊಟ್ಟ ಇಬೇ ಪಾಸ್‌ವರ್ಡನ್ನು ಬ್ಯಾಂಕಿಗಾಗಲಿ ಈಮೇಲಿಗಾಗಲಿ ಯಾವತ್ತೂ ಬಳಸಬೇಡಿ.

ನನಗೆ ತುಂಬಾ ಇಷ್ಟವಾದ ಅನುಕೂಲ ಗುಂಪು ಬಿಡ್. ಒಂದೇ ಥರದ ಕಾರ್ಡು ನಾಲ್ಕು ಕಡೆ ಹರಾಜಿಗಿದ್ದು ನಿಮಗೆ ಬೇಕಿರುವುದು ಒಂದೇ ಆದರೆ, ನಾಲ್ಕನ್ನೂ ಗುಂಪು ಮಾಡಿಡಬಹುದು. ಒಂದು ಸಿಕ್ಕ ತಕ್ಷಣ ಉಳಿದವು ತಾವಾಗಿ ನಿಲ್ಲುತ್ತವೆ. ಮನಸ್ಸು ಬದಲಾದರೆ ಹಾಕುವ ಮುಂಚೆ ರದ್ದು ಮಾಡಬಹುದು. ಇಬೇಯಲ್ಲಿ ನೇರವಾಗಿ ಹಾಕಿದ ಬಿಡ್ಡನ್ನು ಹಾಗೆ ಸುಲಭವಾಗಿ ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ.

ಇದು ಮೋಸವಲ್ಲವೇ ಎಂದು ಕೆಲವರು ಕೇಳುತ್ತಾರೆ. ಇಬೇ ಇದನ್ನು ತಡೆಯುವುದಿಲ್ಲ, ಯಾರು ಬೇಕಾದರೂ ಮಾಡಬಹುದು, ಹಾಗಾಗಿ ಮೋಸ ಅನ್ನಲಾರೆ. ಆದರೂ ಹೊತ್ತು ಮುಂದಕ್ಕೆ ಹೋಗುವ ಹರಾಜೇ ಹೆಚ್ಚು ನ್ಯಾಯ ಎಂದು ನನಗನಿಸುತ್ತದೆ. ಇಂಟರ್ನೆಟ್ ನಿಧಾನ ಇರುವ ಊರಿನವರಿಗೂ ಅಲ್ಲಿ ಮಾತಾಡಲು ಅವಕಾಶ ಸಿಗುತ್ತದೆ. ನಮ್ಮಲ್ಲಿ ಸಾಲ ತೀರದ ಮನೆ, ಸೈಟುಗಳನ್ನು ಬ್ಯಾಂಕುಗಳು ಇ-ಹರಾಜು ಹಾಕುವಾಗ ಸಾಮಾನ್ಯವಾಗಿ ಇಂಥದ್ದೇ ನಿಯಮವಿರುತ್ತದೆ. ಕೊನೆ ನಿಮಿಷದಲ್ಲಿ ಬಿಡ್ ಬಿದ್ದರೆ ಐದೋ ಹತ್ತೋ ನಿಮಿಷ ಮುಂದಕ್ಕೆ. ಅಲ್ಲಿ ಹೊಂಚು ನಡೆಯುವುದಿಲ್ಲ. ದಯವಿಟ್ಟು ಮನೆ ಕೊಳ್ಳಲು ಹೋಗಿ ಈ ಉಪಾಯ ಮಾಡಬೇಡಿ. ನೋಟಿಸನ್ನು ಪೂರ್ತಿ ಓದಿ.

ತಂತ್ರಾಂಶ ಗೆಲ್ಲಿಸಿಕೊಡುತ್ತದೆ ಎಂದೂ ನಂಬಬೇಡಿ. ಆ ಕಡೆಯವರು 25 ಬರೆದಿಟ್ಟಿದ್ದರೆ ನನ್ನ 18 ಕೊನೆಯ ಸೆಕೆಂಡಿನಲ್ಲಿ ಬಿದ್ದರೂ ಸೋಲುತ್ತದೆ. ಇಬ್ಬರೂ 18 ಬರೆದಿದ್ದರೆ ಮೊದಲು ಹಾಕಿದವರಿಗೇ ಸಿಗುತ್ತದೆ. ಒಮ್ಮೊಮ್ಮೆ ನೆಟ್‌ವರ್ಕ್ ತಡವಾಗಿ ಬಿಡ್ ತಲುಪುವುದೇ ಇಲ್ಲ. ನನಗೆ ಅದು ಕೊಟ್ಟಿದ್ದು ಬೇರೆ. ಹಗಲಿನಲ್ಲಿ, ಕಾಫಿ ಕುಡಿಯುತ್ತಾ, ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಎಲ್ಲ ಸೇರಿಸಿ ನಾನು ಬರೆದ ಬೆಲೆಯನ್ನು ರಾತ್ರಿ ಒಂದೂವರೆಯ ನಾನು ತಿದ್ದಲಾಗುವುದಿಲ್ಲ.

ಈ ಭಾನುವಾರ ಒಂದು ಕಾರ್ಡು ಇದೆ. ಕೆಜಿಎಫ್‌ನ ಗಣಿ ಬಾಯಿಯ ಮುಂದೆ ಕೆಲಸದ ಪಾಳಿ ಮುಗಿಸಿದ ಇಪ್ಪತ್ತು ಮೂವತ್ತು ಜನ ನಿಂತಿದ್ದಾರೆ. ನಮ್ಮ ಜನ. ಒಬ್ಬರ ಹೆಸರೂ ಬರೆದಿಲ್ಲ. 22 ಪೌಂಡ್ ಬರೆದಿಟ್ಟಿದ್ದೇನೆ, ಆರು ಸೆಕೆಂಡು ಎಂದು ಕೊಟ್ಟಿದ್ದೇನೆ. ಹತ್ತು ಗಂಟೆಗೆ ಮಲಗುತ್ತೇನೆ.

ನಮಸ್ಕಾರ.