ಕುವೋಪಿಯೊದ ಕಲಕುಕ್ಕೊ: ರೊಟ್ಟಿಯೇ ಪಾತ್ರೆಯಾದಾಗ

ಡಿಸೆಂಬರ್ ತಿಂಗಳು, ಬೆಳಗಿನ 8 ಗಂಟೆ. ಫಿನ್‌ಲ್ಯಾಂಡಿನ ಕುವೋಪಿಯೊದಲ್ಲಿ ನಮ್ಮ ಅಡುಗೆಮನೆಯ ಕಿಟಕಿಯಾಚೆ ಇನ್ನೂ ಕತ್ತಲೆ. ಇಂದು ಕಲಕುಕ್ಕೊ, ಅಂದರೆ ರೊಟ್ಟಿಯೊಳಗೆ ಮೀನು ತುಂಬಿ ಬೇಯಿಸುವ ಇಲ್ಲಿನ ಖಾದ್ಯ, ಮಾಡುತ್ತಿದ್ದೇನೆ. ಅದು ಬೆಂದು ತಟ್ಟೆಗೆ ಬರುವ ಹೊತ್ತಿಗೆ ಮತ್ತೆ ಕತ್ತಲಾಗಿರುತ್ತದೆ!

ಇದು ಮುಯಿಕ್ಕು, ಇಲ್ಲಿನ ಸರೋವರಗಳ ಪುಟ್ಟ ಬೆಳ್ಳಿ ಮೀನು. ಮೊದಲ ಸಲ ಮಾರುಕಟ್ಟೆಯಲ್ಲಿ ಕಂಡಾಗ ನನಗೆ ಮಂಗಳೂರಿನ ಬೂತಾಯಿಯೇ ನೆನಪಾಗಿತ್ತು. ತಲೆ, ಕರುಳು ತೆಗೆದು ತೊಳೆದಿದ್ದೇನೆ. ಮುಳ್ಳು ಹಾಗೆಯೇ ಇರಲಿ. ಒಂದೊಂದು ಮೀನನ್ನೂ ಬಟ್ಟೆಯಲ್ಲಿ ಒತ್ತಿ ಒರೆಸಬೇಕು, ನೀರು ಉಳಿದರೆ ತಳ ಮೆತ್ತಗಾಗುತ್ತದೆ.

ಕಣಕ ರೈ ಎಂಬ ಧಾನ್ಯದ ಹಿಟ್ಟಿನದು. ಹೋಳಿಗೆಯ ಕಣಕದ ಹಾಗೆ ಇದು ಎಳೆದತ್ತ ಬರುವುದಿಲ್ಲ, ಬಿರಿಯುತ್ತದೆ. ಅದಕ್ಕೇ ಸ್ವಲ್ಪ ಗೋಧಿ ಹಿಟ್ಟು, ಬೆಣ್ಣೆ ಸೇರಿಸಿ ನಾದಿದ್ದೇನೆ. ನಡುವೆ 1 ಸೆಂಟಿಮೀಟರ್ ದಪ್ಪ, ಅಂಚು ತೆಳು. ರಸ ಹೀರಲೆಂದು ನಡುವೆ ಒಣ ಹಿಟ್ಟು ಉದುರಿಸಿ, ಮೀನು ಜೋಡಿಸಿ, ಉಪ್ಪು ಹಾಕಿ, ಮೇಲೆ ಹಂದಿಮಾಂಸದ ಕೊಬ್ಬಿನ ಪಟ್ಟಿಗಳನ್ನು ಹಾಸಿದ್ದೇನೆ. ನಾಲ್ಕೂ ಕಡೆಯಿಂದ ಮಡಚಿ, ಒದ್ದೆ ಬೆರಳಿನಿಂದ ಸವರಿ ಬಾಯಿ ಮುಚ್ಚುತ್ತೇನೆ. ಒಂದು ಹಿಡಿ ಕಣಕವನ್ನು ಮಾತ್ರ ಎತ್ತಿಟ್ಟಿದ್ದೇನೆ.

ಏಕೆಂದು ಈಗ ನೋಡಿ. ಓವನ್ 250 ಡಿಗ್ರಿಯಲ್ಲಿದೆ, 40 ನಿಮಿಷ ಕಳೆದಿದೆ. ಎಡಬದಿಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಅಲ್ಲಿಂದ ರಸ ಗುಳುಗುಳು ಎಂದು ಜಿನುಗಿ ತಟ್ಟೆಯ ಮೇಲೆ ಚುರ್ರೆನ್ನುತ್ತಿದೆ. ನೆರೆಮನೆಯ ಅಜ್ಜಿ ಕಲಿಸಿದಂತೆ ಚಿಟಿಕೆ ಕಣಕ ತೆಗೆದು, ನೀರಲ್ಲಿ ಅದ್ದಿ, ಒತ್ತಿ ಮೆತ್ತುತ್ತೇನೆ. ಸೋರಿತೆಂದರೆ ರುಚಿ ಹೋಯಿತೆಂದೇ ಲೆಕ್ಕ. ಹತ್ತು ನಿಮಿಷ ಕಾದೆ. ನಿಂತಿತು.

ಇನ್ನು ಬೆಣ್ಣೆ ಸವರಿ, ಫಾಯಿಲ್ ಸುತ್ತಿ, 125 ಡಿಗ್ರಿಯಲ್ಲಿ 5 ಗಂಟೆ. ಹಿಂದೆ ರೊಟ್ಟಿ ಸುಟ್ಟ ಸೌದೆ ಒಲೆಯ ಉಳಿದ ಕಾವಿನಲ್ಲೇ ಇದು ನಿಧಾನಕ್ಕೆ ಬೇಯುತ್ತಿತ್ತು. ಕುವೋಪಿಯೊ ಇರುವ ಸಾವೊ ಸೀಮೆಯವರು ಹೊಲಕ್ಕೆ, ಕಾಡಿಗೆ ಕೆಲಸಕ್ಕೆ ಹೋಗುವಾಗ ಕಟ್ಟಿಕೊಂಡು ಹೋಗುತ್ತಿದ್ದ ಬುತ್ತಿ ಇದು. ಬೇರೆ ಡಬ್ಬಿ ಬೇಕಿರಲಿಲ್ಲ. 2002ರಲ್ಲಿ ಐರೋಪ್ಯ ಒಕ್ಕೂಟವು ಇದನ್ನು ಸಾಂಪ್ರದಾಯಿಕ ವಿಶೇಷ ಖಾದ್ಯವೆಂದು ನೋಂದಾಯಿಸಿತು. ಇಲ್ಲಿನ ಹೆಂಗಸರ ಕೈಗೆಲಸಕ್ಕೆ ಅಷ್ಟು ಗೌರವ ಸಲ್ಲಲೇಬೇಕಿತ್ತು.

ಸಂಜೆ 4 ಗಂಟೆ. ಬಟ್ಟೆಯಲ್ಲಿ ಸುತ್ತಿಟ್ಟಿದ್ದರಿಂದ ಮೇಲಿನ ಗಟ್ಟಿ ಪದರ ಹದವಾಗಿದೆ. ನೆತ್ತಿಯನ್ನು ಮುಚ್ಚಳದಂತೆ ಕೊಯ್ದು, ಅದಕ್ಕೆ ಬೆಣ್ಣೆ ಹಚ್ಚಿ ಮೊದಲು ತಿನ್ನುವುದು ಇಲ್ಲಿನ ರೂಢಿ. ಒಳಗಿನಿಂದ ಹಬೆ ಏಳುತ್ತಿದೆ. ಕೊಬ್ಬು ಕರಗಿ ಮೀನಿನೊಳಗೆ ಇಳಿದಿದೆ. ಒಂದು ಮೀನು ಬಾಯಿಗಿಟ್ಟು ಅಭ್ಯಾಸಬಲದಿಂದ ಮುಳ್ಳು ಹುಡುಕಿದೆ. ನಾಲಿಗೆಗೆ ಒಂದೂ ಸಿಗಲಿಲ್ಲ.